ಚಪ್ಪಲಿ ಪೆಟ್ಟಿಗೆಯ ನವರಂಗ

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ 23 ಜನರಿದ್ದೇವೆ. ಗುಂಪು ಶುರುವಾದ ದಿನವೇ ದೊಡ್ಡಪ್ಪ ಒಂದು ಕಟ್ಟಳೆ ಹಾಕಿದ್ದರು: ಬರೆಯುವುದನ್ನು ಕನ್ನಡ ಲಿಪಿಯಲ್ಲಿ, ಪೂರ್ಣ ವಾಕ್ಯದಲ್ಲಿ ಬರೆಯಬೇಕು, ಹೆಬ್ಬೆರಳಿನ ಚಿತ್ರವನ್ನು ಉತ್ತರವೆಂದು ಪರಿಗಣಿಸಲಾಗುವುದಿಲ್ಲ, ಧ್ವನಿ ಸಂದೇಶ ಕೂಡದು. ಹಾಸನದಲ್ಲಿ 34 ವರ್ಷ ಮಕ್ಕಳಿಗೆ ವ್ಯಾಕರಣ ಕಲಿಸಿ ನಿವೃತ್ತರಾದವರ ಮಾತನ್ನು ಮೀರುವ ಧೈರ್ಯ ಯಾರಿಗೂ ಇಲ್ಲದ್ದರಿಂದ ನಮ್ಮ ಜಗಳಗಳೂ ಅರ್ಜಿಯ ಭಾಷೆಯಲ್ಲಿಯೇ ನಡೆಯುತ್ತವೆ. ವಿಜಯದಶಮಿ ಕಳೆದ ಮೇಲಿನ ಒಂದು ಭಾನುವಾರ ನಡೆದ ಚರ್ಚೆಯನ್ನು, ನಡುನಡುವೆ ಬಂದ ಶುಭೋದಯಗಳನ್ನು ತೆಗೆದು, ಇಲ್ಲಿ ಇಳಿಸಿದ್ದೇನೆ. ಮೂಡಿಗೆರೆ ಹತ್ತಿರದ ನಮ್ಮ ಹಳೆಯ ಮನೆಯಲ್ಲಿ ಈಗ ವಾಸವಾಗಿರುವವರು ಚಿಕ್ಕಮ್ಮ, ಅವರ ಮಗ ಪ್ರಮೋದ ಮತ್ತು ಅವನ ಹೆಂಡತಿ ಮಕ್ಕಳು ಮಾತ್ರ. ಉಳಿದವರೆಲ್ಲ ಹಬ್ಬಕ್ಕೆ ಹೋಗಿ ಬರುವವರು. ಓದುವಾಗ ಇದು ನೆನಪಿನಲ್ಲಿರಲಿ.

ಪ್ರಮೋದ, ಬೆಳಿಗ್ಗೆ 6:48
(ಚಿತ್ರ: ಚಪ್ಪಲಿ ಪೆಟ್ಟಿಗೆಯೊಳಗೆ ಹಳೆಯ ಪಂಚೆಯ ತುಂಡಿನ ಮೇಲೆ ಕುಳಿತ ಹಕ್ಕಿ.)
ಬೆಳಗಿನ ಜಾವ ಜಗಲಿಯ ಹೊಸ ಗಾಜಿಗೆ ಏನೋ ಬಡಿದ ಸದ್ದಾಯಿತು. ಎದ್ದು ಹೋಗಿ ನೋಡಿದರೆ ಈ ಮಿಂಚುಳ್ಳಿ ಮರಿ ಕೆಳಗೆ ಬಿದ್ದಿತ್ತು. ಬಾಲ ಇನ್ನೂ ಬೆಳೆದಿಲ್ಲ. ಕಣ್ಣು ಬಿಡುತ್ತಿದೆ, ಆದರೆ ಹಾರುತ್ತಿಲ್ಲ. ಏನು ಮಾಡಬೇಕೆಂದು ತಿಳಿದವರು ಹೇಳಿ.

ಬೆಂಗಳೂರಿನ ಮಾವ, 6:55
ಎಂಥ ಚಂದದ ಬಣ್ಣ! ಪೇಟೆಯಿಂದ ಒಂದು ಪಂಜರ ತರಿಸಿ ಸಾಕಿಕೊಳ್ಳಿ, ದೀಪಾವಳಿಗೆ ಬಂದಾಗ ಮಕ್ಕಳಿಗೆ ತೋರಿಸಬಹುದು. ಕಳೆದ ವರ್ಷ ಮುತ್ತೋಡಿ ಕಾಡಿನಲ್ಲಿ ದುಡ್ಡು ಕೊಟ್ಟು ಸಫಾರಿ ಜೀಪಿನಲ್ಲಿ ಸುತ್ತಿದರೂ ಇಷ್ಟು ಹತ್ತಿರದಿಂದ ನಮಗೆ ಏನೂ ಕಾಣಿಸಲಿಲ್ಲ.

ಅತ್ತೆ, 6:58
ಪಾಪ, ಅದಕ್ಕೆ ಬಾಯಾರಿರುತ್ತದೆ. ಸಕ್ಕರೆ ಬೆರೆಸಿದ ನೀರನ್ನು ಚಮಚದಲ್ಲಿ ಬಿಡು, ಪ್ರಮೋದ. ಮೆತ್ತಗಿನ ಅನ್ನ ಕಿವುಚಿ ತಿನ್ನಿಸು.

ದೊಡ್ಡಪ್ಪ, 7:20
ಪ್ರಮೋದ, ಮೊದಲು ಆ ಚಮಚವನ್ನು ಒಳಗಿಡು. ಪೆಟ್ಟು ತಿಂದು ಮಂಕಾಗಿರುವ ಹಕ್ಕಿಯ ಬಾಯಿಗೆ ನೀರು ಬಿಟ್ಟರೆ ಅದು ಶ್ವಾಸನಾಳಕ್ಕೆ ಇಳಿದು ಉಸಿರುಗಟ್ಟಬಹುದು. ಅನ್ನವಂತೂ ಅದರ ಆಹಾರವೇ ಅಲ್ಲ. ಪೆಟ್ಟಿಗೆಯ ಮುಚ್ಚಳಕ್ಕೆ ನಾಲ್ಕು ತೂತು ಮಾಡಿ, ಮುಚ್ಚಿ, ಸದ್ದಿಲ್ಲದ ಕತ್ತಲೆ ಕೋಣೆಯಲ್ಲಿ ಇಡು. ಬೆಕ್ಕು ನುಗ್ಗದ ಕೋಣೆಯಾಗಿರಲಿ. ಮಕ್ಕಳು ಐದು ನಿಮಿಷಕ್ಕೊಮ್ಮೆ ತೆರೆದು ನೋಡುವುದು ಬೇಡ. ಒಂದೆರಡು ಗಂಟೆ ಕಳೆದ ಮೇಲೆ ಹಿತ್ತಲಿನ ನೆರಳಿನಲ್ಲಿ ಮುಚ್ಚಳ ತೆಗೆ. ಒಳಪೆಟ್ಟು ಆಗಿಲ್ಲದಿದ್ದರೆ ತಾನೇ ಹೋಗುತ್ತದೆ, ಹೋಗದಿದ್ದರೆ ಪಶುವೈದ್ಯರಿಗೂ ಅರಣ್ಯ ಇಲಾಖೆಯವರಿಗೂ ಫೋನ್ ಮಾಡು.

ಇನ್ನು, ಅದು ಮಿಂಚುಳ್ಳಿಯೂ ಅಲ್ಲ, ಮರಿಯೂ ಅಲ್ಲ. ಕಾಲನ್ನು ನೋಡು. ಮಿಂಚುಳ್ಳಿಯ ಕಾಲು ಇದೆಯೋ ಇಲ್ಲವೋ ಎನ್ನುವಷ್ಟು ಗಿಡ್ಡ, ಕೊಕ್ಕು ಮಾತ್ರ ಭರ್ಜಿಯ ಹಾಗೆ ಉದ್ದ. ನಿನ್ನ ಪೆಟ್ಟಿಗೆಯಲ್ಲಿರುವುದಕ್ಕೆ ನೆಲದ ಮೇಲೆ ಕುಪ್ಪಳಿಸಿಕೊಂಡು ಬದುಕುವ ಹಕ್ಕಿಗಿರಬೇಕಾದ ನೀಳವಾದ ಗಟ್ಟಿ ಕಾಲುಗಳಿವೆ. ಬಾಲ ಬೆಳೆಯದೆ ಉಳಿದಿಲ್ಲ, ಅದರ ಬಾಲವೇ ಅಷ್ಟು. ಹಸಿರು ಬೆನ್ನು, ರೆಕ್ಕೆಯ ಮೇಲೆ ನೀಲಿ ತೇಪೆ, ಕಣ್ಣಿನ ಮೇಲೆ ಹಾದುಹೋಗುವ ಕಪ್ಪು ಪಟ್ಟಿ, ಬಿಳಿ ಗಂಟಲು, ಮಾಸಲು ಹಳದಿ ಎದೆ, ಬಾಲದ ಬುಡದಲ್ಲಿ ಕುಂಕುಮದ ಕೆಂಪು: ಇದು ನವರಂಗ. ಇವು ಮಳೆಗಾಲದಲ್ಲಿ ಹೆಚ್ಚಾಗಿ ಹಿಮಾಲಯದ ತಪ್ಪಲಿನಲ್ಲಿಯೂ ಮಧ್ಯ ಭಾರತದ ಕಾಡುಗಳಲ್ಲಿಯೂ ಮರಿ ಮಾಡಿ, ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ದಕ್ಷಿಣಕ್ಕೆ ಇಳಿದು, ಏಪ್ರಿಲ್, ಮೇ ಹೊತ್ತಿಗೆ ಹಿಂದಿರುಗುತ್ತವೆ. ಪ್ರಯಾಣ ಮಾಡುವುದು ರಾತ್ರಿಯಲ್ಲಿ. ದಣಿದು ಇಳಿಯುವ ಹೊತ್ತಿನಲ್ಲಿ ಮನೆಯ ದೀಪಕ್ಕೆ ದಿಕ್ಕು ತಪ್ಪಿ ಗಾಜಿಗೆ ಬಡಿದುಕೊಳ್ಳುವುದೂ ಮನೆಯೊಳಗೇ ನುಗ್ಗುವುದೂ ಈ ತಿಂಗಳಿನಲ್ಲಿ ಹೊಸದಲ್ಲ.

ದೊಡ್ಡಪ್ಪ, 7:24
ಪಂಜರದ ಸಲಹೆಯ ಬಗ್ಗೆ ಒಂದು ಮಾತು. ನಮ್ಮ ನೆಲದ ಕಾಡು ಹಕ್ಕಿಯನ್ನು ಹಿಡಿದಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಬೆಂಗಳೂರಿನ ಮಾವ, 7:31
ನನಗೆ ಅದು ತಿಳಿದಿರಲಿಲ್ಲ. ಆದರೆ ನಮ್ಮ ಎದುರುಮನೆಯವರು ಎಷ್ಟೋ ವರ್ಷದಿಂದ ಗಿಳಿ ಸಾಕಿದ್ದಾರೆ, ಅವರನ್ನು ಯಾರೂ ಕೇಳಿಲ್ಲ.

ದೊಡ್ಡಪ್ಪ, 7:33
ಅದೂ ಅಪರಾಧವೇ. ಯಾರೂ ಕೇಳಿಲ್ಲವೆಂದ ಮಾತ್ರಕ್ಕೆ ಸರಿಯಾಗುವುದಿಲ್ಲ.

ಮಾವ ಮಧ್ಯಾಹ್ನದವರೆಗೆ ಮತ್ತೆ ಬರೆಯಲಿಲ್ಲ. ಅವರ ಬದಲು ನನ್ನ ತಂಗಿ ನಿಧಿ ಗಾಜಿನ ವಿಷಯ ಎತ್ತಿದಳು. ಚರ್ಚೆ ನಿಜವಾಗಿ ಬಿಸಿಯಾದದ್ದು ಅಲ್ಲಿಂದ.

ನಿಧಿ, 8:05
ಪ್ರಮೋದಣ್ಣ, ಹಕ್ಕಿಗೆ ಗಾಜು ಕಾಣಿಸುವುದಿಲ್ಲ, ಅದರಲ್ಲಿ ಬಿಂಬಿಸುವ ಮರಗಳು ಮಾತ್ರ ಕಾಣಿಸುತ್ತವೆ. ಗಿಡುಗನ ಆಕಾರದ ಒಂದೇ ಸ್ಟಿಕರ್ ಅಂಟಿಸಿದರೆ ಸಾಕೆಂದು ಕೆಲವರು ಹೇಳುತ್ತಾರೆ, ಆದರೆ ಅದನ್ನು ತಪ್ಪಿಸಿಕೊಂಡು ಪಕ್ಕಕ್ಕೇ ಬಂದು ಬಡಿಯುತ್ತವೆ. ಗಾಜಿನ ಹೊರಮೈಯಲ್ಲಿ ಎರಡು ಅಂಗುಲಕ್ಕಿಂತ ಹೆಚ್ಚು ಅಂತರವಿಲ್ಲದಂತೆ ಗುರುತುಗಳನ್ನು ಹಾಕಬೇಕು, ಅಥವಾ ಹೊರಗಿನಿಂದ ದಾರಗಳನ್ನು ಇಳಿಬಿಡಬೇಕು. ರಾತ್ರಿ ಜಗಲಿಯ ದೀಪ ಆರಿಸಿದರೆ ಇನ್ನೂ ಒಳ್ಳೆಯದು.

ಚಿಕ್ಕಮ್ಮ, 8:41
ನಿಧಿ, ಗಾಜು ಹಾಕಿಸಿದ್ದು ಶೋಕಿಗಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಚಲು ಹೊಡೆದು ಜಗಲಿಯ ಗೋಡೆಯೆಲ್ಲ ಪಾಚಿ ಕಟ್ಟುತ್ತಿತ್ತು. ದೀಪ ಉರಿಸುವುದೂ ದುಡ್ಡು ಹೆಚ್ಚಾಗಿ ಅಲ್ಲ. ಕಳೆದ ಬೇಸಿಗೆಯಲ್ಲಿ ಅಂಗಳದಲ್ಲಿ ಮಲಗಿದ್ದ ನಾಯಿಯನ್ನು ಚಿರತೆ ಹೊತ್ತೊಯ್ದದ್ದು ನಿಮಗೆಲ್ಲ ಒಂದು ದಿನದ ಸುದ್ದಿಯಾಗಿತ್ತು, ನಮಗೆ ಆ ಮೇಲೆ ಕತ್ತಲಲ್ಲಿ ಕೊಟ್ಟಿಗೆಗೆ ಹೋಗಲು ಭಯ. ದಾರ ಬೇಕಾದರೆ ಕಟ್ಟಿಸುತ್ತೇನೆ. ದೀಪ ಆರಿಸುವುದಿಲ್ಲ.

ದೊಡ್ಡಪ್ಪ, 8:50
ಸಾವಿತ್ರಿ, ದೀಪ ಆರಿಸಬೇಕಾಗಿಲ್ಲ. ಅದಕ್ಕೊಂದು ತಗಡಿನ ಮರೆ ಮಾಡಿಸಿ, ಬೆಳಕು ಗಾಜಿನ ಮೇಲೆ ಬೀಳದೆ ಅಂಗಳಕ್ಕೆ ಮಾತ್ರ ಇಳಿಯುವ ಹಾಗೆ ತಿರುಗಿಸಿದರೆ ಸಾಕು.

ಪ್ರಮೋದ, 9:36
(ವಿಡಿಯೋ: ಹಲಸಿನ ಮರದ ಕೆಳಗೆ ತೆರೆದಿಟ್ಟ ಪೆಟ್ಟಿಗೆ.)
ಮುಚ್ಚಳ ತೆಗೆದ ಮೇಲೂ ಹತ್ತು ನಿಮಿಷ ಅಲ್ಲಾಡದೆ ಕುಳಿತಿತ್ತು. ಆಮೇಲೆ ಹೊರಗೆ ಕುಪ್ಪಳಿಸಿ, ತರಗೆಲೆಯನ್ನು ಕೊಕ್ಕಿನಲ್ಲಿ ಎತ್ತಿ ಎಸೆದು, ಕೆಳಗಿದ್ದ ಏನನ್ನೋ ತಿಂದು, ಕಾಫಿ ಗಿಡಗಳ ಬುಡಕ್ಕೆ ನುಗ್ಗಿತು. ಮತ್ತೆ ಕಾಣಿಸಲಿಲ್ಲ.

ಈ ವಿಡಿಯೋವನ್ನು ನಾನು ನಾಲ್ಕು ಸಲ ನೋಡಿದೆ. ಎಲೆಯನ್ನು ಎಸೆಯುವ ರೀತಿ, ಗಡಿಬಿಡಿಯಲ್ಲಿ ಕಾಗದ ಹುಡುಕುವ ಗುಮಾಸ್ತರಂತಿದೆ. ಚರ್ಚೆ ಇಲ್ಲಿಗೆ ಮುಗಿಯಬಹುದಿತ್ತು, ಆದರೆ ದೊಡ್ಡಪ್ಪನಿಗೆ ಗೆದ್ದ ಮೇಲೆ ಇನ್ನೊಂದು ಹೆಜ್ಜೆ ಇಡುವ ಅಭ್ಯಾಸವಿದೆ.

ದೊಡ್ಡಪ್ಪ, 9:52
ಬಹಳ ಸಂತೋಷ. ಈಗ ಎಲ್ಲರೂ ಆ ವಿಡಿಯೋವನ್ನು ಗಮನಿಸಿ. ಆ ಹಕ್ಕಿಯ ಬದುಕು ಇರುವುದು ತರಗೆಲೆಯ ಅಡಿಯಲ್ಲಿ. ಗೆದ್ದಲು, ಜೀರುಂಡೆ, ಎರೆಹುಳು, ಸಣ್ಣ ಬಸವನಹುಳು ಎಲ್ಲವೂ ಅಲ್ಲಿವೆ. ಹರಟೆಮಲ್ಲಗಳೂ ಕಿತ್ತಳೆ ತಲೆಯ ಸಿಳ್ಳಾರವೂ ಎಲೆ ಮಗುಚಿಯೇ ಹೊಟ್ಟೆ ಹೊರೆಯುತ್ತವೆ. ಪ್ರತಿ ವರ್ಷ ದೀಪಾವಳಿಗೆ ಮೊದಲು ನಮ್ಮ ಹಿತ್ತಲನ್ನು ಕನ್ನಡಿಯ ಹಾಗೆ ಗುಡಿಸಿ, ರಾಶಿ ಹಾಕಿ, ಬೆಂಕಿ ಕೊಡುವ ಪದ್ಧತಿಯಿದೆ. ಅಂದರೆ ಅತಿಥಿ ಬಂದ ತಿಂಗಳಲ್ಲೇ ನಾವು ಅಡುಗೆಮನೆ ಸುಡುತ್ತಿದ್ದೇವೆ. ಈ ವರ್ಷದಿಂದ ಹಿತ್ತಲಿನ ಒಂದು ಎಲೆಯನ್ನೂ ತೆಗೆಯಬಾರದೆಂದು ನನ್ನ ಸೂಚನೆ.

ಆರು ಜನ ಹೆಬ್ಬೆರಳು ಎತ್ತಿದರು. ಆರೂ ಜನ ಪೇಟೆಯಲ್ಲಿರುವವರು. ನಾನೂ ಅವರಲ್ಲಿ ಒಬ್ಬ ಎಂಬುದನ್ನು ಮುಚ್ಚಿಡುವುದಿಲ್ಲ.

ಚಿಕ್ಕಮ್ಮ, 11:15
ಭಾವನವರೇ, ಅಡುಗೆ ಮುಗಿಸಿ ಬರೆಯುತ್ತಿದ್ದೇನೆ, ಅದಕ್ಕೆ ತಡವಾಯಿತು. ನಿಮ್ಮ ಸೂಚನೆಯನ್ನು ಓದಿದೆ. ಒಂದು ಎಲೆಯನ್ನೂ ತೆಗೆಯದೆ ಬಿಟ್ಟರೆ ಏನಾಗುತ್ತದೆಂದು ಹೇಳುತ್ತೇನೆ. ಎರಡು ವರ್ಷದ ಹಿಂದೆ ನನಗೆ ಕಾಲುನೋವು ಬಂದು ಗುಡಿಸದೆ ಬಿಟ್ಟಾಗ, ಬಚ್ಚಲುಮನೆಯ ಪಕ್ಕದ ದರಗಿನಲ್ಲಿ ಕೊಳಕುಮಂಡಲ ಸುತ್ತಿಕೊಂಡಿತ್ತು. ಅದರ ಬಣ್ಣವೂ ಎಲೆಯ ಬಣ್ಣವೂ ಒಂದೇ. ನಾನು ಬಿಂದಿಗೆ ಇಡಲು ಬಗ್ಗಿದವಳು, ಅದು ಕುಕ್ಕರಿನ ಹಾಗೆ ಬುಸುಗುಟ್ಟಿದ್ದರಿಂದ ಬದುಕಿದೆ. ಈಗ ಪ್ರಮೋದನ ಸಣ್ಣ ಮಗು ಅದೇ ಜಾಗದಲ್ಲಿ ಬರಿಗಾಲಿನಲ್ಲಿ ಓಡಾಡುತ್ತದೆ.

ಇನ್ನೊಂದು ವಿಷಯ. ದರಗು ಬಿಟ್ಟರೆ ಹಕ್ಕಿ ಬರುತ್ತದೆ ಎಂದಿರಿ, ಒಪ್ಪಿದೆ. ಆದರೆ ನೆಲದ ಮೇಲೆ ಕುಪ್ಪಳಿಸುವ, ದಣಿದು ಬಂದ ಹಕ್ಕಿಯನ್ನು ಮನೆಯ ಪಕ್ಕಕ್ಕೇ ಕರೆದರೆ ನಮ್ಮ ಬೆಕ್ಕು ಏನು ಮಾಡುತ್ತದೆ? ಬೆಕ್ಕನ್ನು ಬಿಡಲು ಹೇಳಬೇಡಿ. ಅದು ಇಲ್ಲದಿದ್ದರೆ ಇಲಿ, ಇಲಿ ಇದ್ದರೆ ಮತ್ತೆ ಹಾವು.

ಹಿತ್ತಲಿನಲ್ಲಿ ಏನೇನು ಇದೆಯೆಂದು ನನಗೂ ಗೊತ್ತು. ಕಾಫಿ ಹಣ್ಣಾಗುವುದು ನನಗೆ ಮೊದಲು ತಿಳಿಯುವುದು ಗಿಡದಿಂದಲ್ಲ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಬ್ಬೆಕ್ಕು ಬೀಜಬೀಜವಾಗಿ ಹಿಕ್ಕೆ ಹಾಕಿ ಹೋಗುವುದರಿಂದ. ಮಳೆ ಬಿಟ್ಟ ರಾತ್ರಿಗಳಲ್ಲಿ ಹಾರುಬೆಕ್ಕು ಸಿಲ್ವರ್ ಮರದಿಂದ ಹಲಸಿನ ಮರಕ್ಕೆ ತೇಲಿ ಬರುತ್ತದೆ. ಹಗಲು ಕೆಂದಳಿಲು. ಬಚ್ಚಲ ನೀರು ಹರಿಯುವ ಮೋರಿಗೆ ಪ್ರತಿ ವರ್ಷ ಬಾಲ ಕುಣಿಸುವ ಒಂದು ಹಕ್ಕಿ ಬರುತ್ತದೆ, ಬೂದು ಬೆನ್ನು, ಹೊಟ್ಟೆ ಹಳದಿ. ಅದರ ಹೆಸರು ನನಗೆ ಗೊತ್ತಿಲ್ಲ. ಬಂದ ದಿನವನ್ನು ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ.
(ಚಿತ್ರ: ಮೂರು ವರ್ಷದ ಸೆಪ್ಟೆಂಬರ್ ಪುಟಗಳು. ‘ಒಂದೂವರೆ ಲೀಟರ್’, ‘ಒಂದು ಲೀಟರ್’ ಎಂಬ ಬರಹಗಳ ನಡುವೆ ಒಂದು ವರ್ಷ 14ರಲ್ಲಿ, ಇನ್ನೊಂದು ವರ್ಷ 11ರಲ್ಲಿ, ಮತ್ತೊಂದು ವರ್ಷ 16ರಲ್ಲಿ ‘ಕುಣಿಯುವ ಹಕ್ಕಿ’ ಎಂದಿದೆ.)

ಗುಂಪಿನಲ್ಲಿ ನಲವತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ನಾನು ನನ್ನ ಹೆಬ್ಬೆರಳನ್ನು ಹಿಂತೆಗೆದುಕೊಂಡೆ. ಪೊರಕೆ ಹಿಡಿಯದವರು ಹಿತ್ತಲು ಗುಡಿಸಬೇಕೋ ಬೇಡವೋ ಎಂದು ಮತ ಹಾಕಿದ್ದು ನನಗೆ ಆಗ ಸ್ವಲ್ಪ ನಾಚಿಕೆಯ ವಿಷಯವಾಗಿ ಕಂಡಿತು.

ದೊಡ್ಡಪ್ಪ, 11:58
ಸಾವಿತ್ರಿ, ಅದು ಬೂದು ಸಿಪಿಲೆ. ನಮ್ಮ ಕಡೆ ಕುಂಡೆಕುಸ್ಕ ಎನ್ನುವ ಜಾತಿಗೆ ಸೇರಿದ್ದು. ಅದೂ ಹಿಮಾಲಯದ ಕಡೆಯಿಂದ ಚಳಿಗಾಲ ಕಳೆಯಲು ಬರುವ ಹಕ್ಕಿಯೇ. ನಿನ್ನ ಕ್ಯಾಲೆಂಡರನ್ನು ಎರಡು ಸಲ ನೋಡಿದೆ. ಆ ಮೂರು ವರ್ಷಗಳಲ್ಲಿ ಗೌರಿ ಹಬ್ಬ ಬೇರೆ ಬೇರೆ ವಾರಕ್ಕೆ ಬಿದ್ದಿದೆ, ಹಕ್ಕಿ ಮಾತ್ರ ಒಂದು ವಾರದ ಒಳಗೇ ಬಂದಿದೆ. ನಮ್ಮ ಹಬ್ಬ ಚಂದ್ರನನ್ನು ನೋಡಿಕೊಂಡು ಹಿಂದೆ ಮುಂದೆ ಸರಿಯುತ್ತದೆ. ಹಕ್ಕಿಗೆ ಹಗಲಿನ ಅವಧಿ ಕುಗ್ಗುವುದೇ ಪ್ರಯಾಣದ ಸೂಚನೆಯಾದ್ದರಿಂದ ಅದು ಸೂರ್ಯನ ಲೆಕ್ಕದಲ್ಲಿ ನಡೆಯುತ್ತದೆ. ಹತ್ತು ವರ್ಷದಿಂದ ಹಕ್ಕಿ ನೋಡುತ್ತಿರುವ ನನ್ನ ಹತ್ತಿರ ಇಂತಹ ದಾಖಲೆ ಒಂದೂ ಇಲ್ಲ.

ಹಾವಿನ ವಿಷಯದಲ್ಲಿ ನೀನು ಹೇಳಿದ್ದು ಸರಿ. ‘ಒಂದು ಎಲೆಯನ್ನೂ’ ಎಂಬ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಮನೆ, ಬಚ್ಚಲು, ಕೊಟ್ಟಿಗೆಯ ಸುತ್ತ 20 ಅಡಿ ಮತ್ತು ನಡೆದಾಡುವ ದಾರಿ ಚೊಕ್ಕಟವಾಗಿರಲಿ. ಹಲಸಿನ ಮರದ ಆಚೆಗೆ ಮಾತ್ರ ಬಿಡಬಹುದೇ?

ಚಿಕ್ಕಮ್ಮ, 12:20
ಹಲಸಿನ ಮರದ ಆಚೆಗೆ ಮಕ್ಕಳು ಹೋಗುವುದಿಲ್ಲ. ಅಲ್ಲಿ ಬಿಡುತ್ತೇನೆ. ಈಚೆ ಗುಡಿಸಿದ್ದನ್ನೂ ಸುಡುವುದಿಲ್ಲ, ಕಾಫಿ ಗಿಡದ ಬುಡಕ್ಕೆ ಹಾಕಿಸುತ್ತೇನೆ. ಅದಕ್ಕೆ ಆಳಿನ ಸಂಬಳ ಯಾರು ಕೊಡುತ್ತಾರೆಂದು ಹೆಬ್ಬೆರಳು ಎತ್ತಿದವರು ಹೇಳಲಿ.

ಬೆಂಗಳೂರಿನ ಮಾವ, 12:26
ಒಂದು ದಿನದ ಆಳಿನ ಖರ್ಚು ನನ್ನದು. ಪಂಜರದ ದುಡ್ಡು ಉಳಿಯಿತಲ್ಲ.

ನಿಧಿ, 12:31
ಬೆಕ್ಕಿನ ಪ್ರಶ್ನೆ ಹಾಗೇ ಉಳಿಯಿತು. ಚಿಕ್ಕಮ್ಮ, ಈ ಒಂದೆರಡು ತಿಂಗಳು ಬೆಳಗಿನ ಜಾವವೂ ಮುಸ್ಸಂಜೆಯೂ ಅದನ್ನು ಒಳಗೆ ಕೂಡಿಹಾಕಲು ಸಾಧ್ಯವೇ? ನೆಲದ ಹಕ್ಕಿಗಳು ಚುರುಕಾಗಿ ಓಡಾಡುವುದು ಆ ಹೊತ್ತಿನಲ್ಲಿ. ರಾತ್ರಿ ಇಲಿ ಹಿಡಿಯಲು ಬಿಟ್ಟರಾಯಿತು.

ಚಿಕ್ಕಮ್ಮ, 12:40
ಅದನ್ನು ನೀನೇ ಬಂದು ಬೆಕ್ಕಿಗೆ ಹೇಳು.

ದೊಡ್ಡಪ್ಪ, 12:47
ನವರಂಗ ಕೂಗುವುದೂ ಅದೇ ಎರಡು ಹೊತ್ತಿನಲ್ಲಿ. ತಮಿಳಿನಲ್ಲಿ ಅದಕ್ಕೆ ‘ಆರುಮಣಿ ಕುರುವಿ’, ಅಂದರೆ ಆರು ಗಂಟೆಯ ಹಕ್ಕಿ ಎಂದು ಹೆಸರು. ಎರಡು ಸ್ವರದ ಸಿಳ್ಳೆ, ಮೊದಲನೆಯದು ಏರಿ, ಎರಡನೆಯದು ಇಳಿಯುತ್ತದೆ. ಪ್ರಮೋದ, ಸಂಜೆ ಕಿವಿಗೊಟ್ಟು ಕೇಳು.

ಸಂಜೆ ಪ್ರಮೋದ ಮೂಡಿಗೆರೆಗೆ ಹೋಗಿದ್ದ. ಗುಂಪಿನ ಕಟ್ಟಳೆಯನ್ನು ಮುರಿದ ಮೊದಲ ಧ್ವನಿ ಸಂದೇಶ ಬಂದದ್ದು ಚಿಕ್ಕಮ್ಮನ ಫೋನಿನಿಂದ.

ಚಿಕ್ಕಮ್ಮ, ಸಂಜೆ 6:15
(ಧ್ವನಿ, 11 ಸೆಕೆಂಡ್.)

ನಿಧಿ, 6:19
ಇದನ್ನು ಇನ್ನೊಂದು ಫೋನಿನಲ್ಲಿ ಹಾಕಿ, ಕೂಗಿನಿಂದ ಹಕ್ಕಿಯನ್ನು ಗುರುತಿಸುವ ಮರ್ಲಿನ್ ಆ್ಯಪಿಗೆ ಕೇಳಿಸಿದೆ. ನವರಂಗವೆಂದೇ ತೋರಿಸಿತು! ಬೆಳಗಿನ ಹಕ್ಕಿಯೇ ಇರಬೇಕು.

ದೊಡ್ಡಪ್ಪ, 6:22
ಹಾಗೆಂದು ಹೇಳಲು ಆಧಾರವಿಲ್ಲ. ಈ ವಾರ ತೋಟಕ್ಕೆ ಎಷ್ಟು ಬಂದಿವೆಯೋ ಯಾರು ಬಲ್ಲರು. ಧ್ವನಿ ಸಂದೇಶವನ್ನು ಈ ಒಂದು ಸಲಕ್ಕೆ ಮಾನ್ಯ ಮಾಡಲಾಗಿದೆ.

ಚಿಕ್ಕಮ್ಮ, 6:30
ಭಾವನವರೇ, ಕೂಗಿದ್ದು ಆರು ಗಂಟೆ ಹನ್ನೆರಡು ನಿಮಿಷಕ್ಕೆ. ಕ್ಯಾಲೆಂಡರಿನಲ್ಲಿ ಹಾಗೆಯೇ ಬರೆದಿದ್ದೇನೆ. ಬೆಕ್ಕು ಒಳಗಿದೆ, ಬಾಗಿಲು ಕೆರೆಯುತ್ತಿದೆ.