ರಾತ್ರಿ 2ಕ್ಕೆ ಲೋ ಅಲಾರಂ, ಬೆರಳಿಗೆ ಚುಚ್ಚಿದ್ರ 98: ಸೆನ್ಸಾರ್ ಕೆಟ್ಟದೋ, ಫೋನ್ ಕೆಟ್ಟದೋ?

ಉಣಕಲ್_ದಂಡಿ (ಹುಬ್ಬಳ್ಳಿ):
ನಮಸ್ಕಾರ ರೀ. ಅವ್ವಗ 68 ವರ್ಷ, ಟೈಪ್ 2 ಸಕ್ಕರಿ ಕಾಯಿಲೆ, ರಾತ್ರಿ ಇನ್ಸುಲಿನ್ ಐತಿ. ಎಡತೋಳಿಗೆ ಸಕ್ಕರಿ ಅಳದು ಫೋನಿಗೆ ಕಳಸೋ 14 ದಿನದ ಸೆನ್ಸಾರ್ ಹಚ್ಚೀವಿ, ಇವತ್ತಿಗೆ 5ನೇ ದಿನ. ಫೋನ್ ಆಂಡ್ರಾಯ್ಡ್ 13. ಮೂರು ತಕರಾರು ಅದಾವ.
1) ರಾತ್ರಿ 2-3ರ ಸುಮಾರು ಸಕ್ಕರಿ 54, 58ಕ್ಕ ಇಳಿದೈತಿ ಅಂತ ಲೋ ಅಲಾರಂ ಹೊಡಕೊಳ್ತೈತಿ. ಬೆರಳಿಗೆ ಚುಚ್ಚಿದ್ರ 98. ಬೆವರಿಲ್ಲ, ನಡುಕಿಲ್ಲ.
2) ಇನ್ನು ಕೆಲವು ರಾತ್ರಿ ‘ಸಿಗ್ನಲ್ ಲಾಸ್’. ಮುಂಜಾನೆ ಆ್ಯಪ್ ತೆರೆದ್ರ ಗ್ರಾಫ್ ತಾನ ತುಂಬಕೊಳ್ತೈತಿ.
3) ಕರೆಂಟ್ ಹೋದಾಗ ಬೆಂಗಳೂರಾಗಿರೋ ತಮ್ಮನ ಫೋನಿಗೆ ಈ ಅಂಕಿ ಮುಟ್ಟಂಗಿಲ್ಲ.
ಸೆನ್ಸಾರ್ ಕಿತ್ತು ಹೊಸಾದು ಹಚ್ಚಬೇಕೇನ್ರಿ?

ಟೋಲ್‌ನಾಕಾ (ಧಾರವಾಡ):
ಕೀಳಬ್ಯಾಡ್ರಿ. ಮೂರಕ್ಕೂ ಕಾರಣ ಬ್ಯಾರೆ ಬ್ಯಾರೆ ಅದಾವ. ಮೊದಲ ಲೋ ನೋಡೋಣ. ಅವರು ಎಡಮಗ್ಗಲಾಗಿ ಮಲಗ್ತಾರೇನು? ಆ ಹೊತ್ತಿನ ಗ್ರಾಫ್‌ನ ಅಂಕಿ ಹಾಕ್ರಿ.

ಉಣಕಲ್_ದಂಡಿ:
ಹೌದ್ರಿ, ಎಡಮಗ್ಗಲ. 2:10ಕ್ಕ 112, 2:25ಕ್ಕ 57, 2:50ಕ್ಕ 106. ನಡುವ ಏನೂ ತಿಂದಿಲ್ಲ.

ಟೋಲ್‌ನಾಕಾ:
ಹಂಗಾದ್ರ ತೋಳು ಒತ್ತಿ ಬಂದ ಸುಳ್ಳು ಲೋ ಅದು. ಸೆನ್ಸಾರಿನ ಎಳಿ ರಕ್ತನಾಳದಾಗ ಇರಂಗಿಲ್ಲ. ಚರ್ಮದ ಕೆಳಗ, ಜೀವಕೋಶಗಳ ನಡುವಿನ ದ್ರವದಾಗ ಕುಂತಿರ್ತೈತಿ. ಮೈಭಾರ ಅದರ ಮ್ಯಾಲ ಬಿದ್ರ ಅಲ್ಲಿಗೆ ಹೊಸ ದ್ರವ, ಅದರ ಜೋಡಿ ಗ್ಲುಕೋಸ್, ಸರಿಯಾಗಿ ಬರಂಗಿಲ್ಲ. ಅಂಕಿ ಬಾವಿಗೆ ಕಲ್ಲು ಒಗದಂಗ ಬೀಳ್ತೈತಿ, ಮಗ್ಗಲ ಬದಲಿಸಿದ ಕೂಡ್ಲೆ ಮೊದಲಿದ್ದಲ್ಲಿಗೆ ಬರ್ತೈತಿ. ಖರೇ ಲೋ ಸಾಮಾನ್ಯವಾಗಿ ಇಳಿಜಾರಿನಂಗ ಇಳೀತೈತಿ, ಏನೂ ತಿನ್ನದ ಇಷ್ಟು ಲಗೂನ ಹೊಳ್ಳಿ ಬರೂದು ಅಪರೂಪ.

ಆದ್ರ ಗ್ರಾಫ್‌ನ ಆಕಾರ ಮುಂಜಾನೆ ಕುಂತು ನೋಡೂದಕ್ಕ. ರಾತ್ರಿ ಅಲಾರಂ ಆದ್ರ ಎಬ್ಬಿಸ್ರಿ, ಮಗ್ಗಲ ಬದಲಿಸಿ ಬೆರಳಿಗೆ ಚುಚ್ರಿ. ಬೆವರು, ನಡುಕ, ಮಾತು ತೊದಲೂದು ಇದ್ರ ಮೀಟರ್ ಹುಡುಕ್ಕೋತ ಕೂಡಬ್ಯಾಡ್ರಿ; ಟೀ ಚಮಚದಲೆ 3 ಚಮಚ ಗ್ಲುಕೋಸ್ ಪುಡಿ, ಅಂದ್ರ ಸುಮಾರು 15 ಗ್ರಾಂ, ನೀರಾಗ ಕಲಸಿ ಕುಡಿಸ್ರಿ. 15 ನಿಮಿಷ ಬಿಟ್ಟು ಮತ್ತ ಬೆರಳು ನೋಡ್ರಿ. ಇನ್ನೂ 70ರ ಕೆಳಗ ಇದ್ರ ಇನ್ನೊಮ್ಮೆ ಅಷ್ಟೇ. ಧಾರವಾಡದವ್ರು ಅಂತ ಪೇಡಾ ಕೊಡಬ್ಯಾಡ್ರಿ, ಅದರಾಗಿನ ಕೊಬ್ಬಿನಿಂದ ಸಕ್ಕರಿ ತಡಾ ಏರ್ತೈತಿ. ಎಚ್ಚರ ತಪ್ಪಿದ್ರ ಬಾಯಾಗ ಏನೂ ಹಾಕದ 108ಕ್ಕ ಫೋನ್ ಮಾಡ್ರಿ.

ಇನ್ನೊಂದು. ಚುಚ್ಚೂ ಮೊದಲ ಬೆರಳು ಸೋಪಿನಲೆ ತೊಳದು ಒರೆಸಿದ್ರೇನು? ಮಾವಿನಹಣ್ಣು ಸುಲಿದ ಕೈಯಿಂದ ಚುಚ್ಚಿದ್ರ ಮೀಟರ್ ತಾನ ಸುಳ್ಳು ಹೇಳ್ತೈತಿ, 60 ಇದ್ದದ್ದು 98 ಅಂತ ತೋರಿಸಬಹುದು.

ಹೊಸಬ_ಹಾವೇರಿ:
ಸಿಗ್ನಲ್ ಲಾಸ್‌ಗೆ ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿ ನೋಡ್ರಿ.

ಕಪ್ಪತಗುಡ್ಡ (ಗದಗ):
ದಯವಿಟ್ಟು ಅದನ್ನು ಮಾಡಬೇಡಿ! ಕೆಲವು ಸೆನ್ಸಾರ್‌ಗಳನ್ನು ಒಮ್ಮೆ ಆ್ಯಪ್ ತೆಗೆದರೆ ಅಥವಾ ‘ಕ್ಲಿಯರ್ ಡೇಟಾ’ ಒತ್ತಿದರೆ ಮತ್ತೆ ಜೋಡಿಸಲು ಬರುವುದಿಲ್ಲ. ಉಳಿದ 9 ದಿನದ ದುಡ್ಡು ನೀರಿಗೆ.

ಮುಂಜಾನೆ ಗ್ರಾಫ್ ತಾನೇ ತುಂಬಿಕೊಳ್ಳುತ್ತದೆ ಅಂದಿರಲ್ಲ, ಅಲ್ಲೇ ಉತ್ತರವಿದೆ. ಸೆನ್ಸಾರ್ ರಾತ್ರಿಯಿಡೀ ಅಳೆದು ತನ್ನಲ್ಲೇ ಇಟ್ಟುಕೊಂಡಿದೆ. ಕೇಳಿಸಿಕೊಳ್ಳಬೇಕಾದ ಆ್ಯಪನ್ನು ಫೋನ್ ಮಲಗಿಸಿದೆ. ಬ್ಯಾಟರಿ ಉಳಿಸುವ ಚಟ.

ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್‌ಗೆ ಹೋಗಿ ಸೆನ್ಸಾರ್ ಆ್ಯಪ್ ತೆರೆಯಿರಿ. ಬ್ಯಾಟರಿ: ‘ಅನ್‌ರಿಸ್ಟ್ರಿಕ್ಟೆಡ್’ (ಕೆಲವು ಫೋನಿನಲ್ಲಿ ‘ನೋ ರಿಸ್ಟ್ರಿಕ್ಷನ್ಸ್’). ‘ಆಟೋಸ್ಟಾರ್ಟ್’ ಇದ್ದರೆ ಆನ್. ಬಳಸದಿದ್ದರೆ ಆ್ಯಪ್ ತಡೆಹಿಡಿಯುವ ಸ್ವಿಚ್ ಆಫ್. ಪರ್ಮಿಷನ್ಸ್‌ನಲ್ಲಿ ‘ನಿಯರ್‌ಬೈ ಡಿವೈಸಸ್’ ಕೊಡಿ, ಆ್ಯಪ್ ಲೊಕೇಶನ್ ಕೇಳಿದರೆ ಅದನ್ನೂ ಕೊಡಿ. ಆಂಡ್ರಾಯ್ಡ್ 13ರಲ್ಲಿ ನೋಟಿಫಿಕೇಶನ್‌ಗೂ ಪ್ರತ್ಯೇಕ ಒಪ್ಪಿಗೆ ಬೇಕು, ಇದನ್ನೇ ಹೆಚ್ಚಿನವರು ಮರೆಯುತ್ತಾರೆ. ‘ಡು ನಾಟ್ ಡಿಸ್ಟರ್ಬ್’ ಹಾಕುವ ಅಭ್ಯಾಸವಿದ್ದರೆ ಈ ಆ್ಯಪಿಗೆ ವಿನಾಯಿತಿ ಕೊಡಿ. ಮಲಗುವಾಗ ತೆರೆದ ಆ್ಯಪ್‌ಗಳನ್ನೆಲ್ಲ ಒರೆಸಿಹಾಕುವ ಚಾಳಿ ಬಿಡಿಸಿ. ‘ಫೋರ್ಸ್ ಸ್ಟಾಪ್’ ಆದ ಆ್ಯಪ್ ನೀವು ಮತ್ತೆ ತೆರೆಯುವ ತನಕ ಕೂಗುವುದಿಲ್ಲ.

ಫೋನ್ ಎಲ್ಲಿರುತ್ತದೆ? ಬ್ಲೂಟೂತ್ ಸುಮಾರು 6 ಮೀಟರ್‌ವರೆಗೆ ಅಂತ ಇಟ್ಟುಕೊಳ್ಳಿ, ಅದೂ ನಡುವೆ ಅಡ್ಡ ಇಲ್ಲದಿದ್ದಾಗ. ಹಳೇ ಮನೆಯ ಕಲ್ಲಿನ ಗೋಡೆಯ ಆಚೆ, ಪಡಸಾಲೆಯಲ್ಲಿ ಚಾರ್ಜಿಗೆ ಇಟ್ಟರೆ ಆಗದು. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲಿರಲಿ.

ಪರೀಕ್ಷೆ ಹಗಲಲ್ಲೇ ಮಾಡಿ. ಈಗಿನ ಅಂಕಿ 150 ಇದ್ದರೆ ಹೈ ಅಲಾರಂ 130ಕ್ಕೆ ಇಳಿಸಿ, ಪರದೆ ಆರಿಸಿ ಕಾಯಿರಿ. ಕೂಗಿದರೆ ಸರಿ, ಮತ್ತೆ ಮೊದಲಿನ ಮಿತಿಗೆ ತನ್ನಿ. ಲೋ ಅಲಾರಂ ಮಾತ್ರ 70ರಿಂದ ಇಳಿಸಬೇಡಿ, ಸುಳ್ಳು ಕೂಗಿನ ಕಾಟ ತಪ್ಪಲಿ ಅಂತ ಆಫ್ ಕೂಡ ಮಾಡಬೇಡಿ.

ಟೋಲ್‌ನಾಕಾ:
ಮೂರನೇದು ಉಳೀತು. ಕರೆಂಟ್ ಹೋದಾಗ ರೂಟರ್ ಇನ್ವರ್ಟರ್ ಮ್ಯಾಲ ಐತೇನು?

ಉಣಕಲ್_ದಂಡಿ:
ಐತ್ರಿ. ವೈಫೈ ಗುರುತೂ ತೋರಸ್ತೈತಿ.

ಟೋಲ್‌ನಾಕಾ:
ಅಲ್ಲೇ ಸಿಕ್ಕೊಂಡೈತಿ. ರೂಟರ್ ಜೀವಂತ, ಹಿಂದಿನ ಲೈನ್ ಸತ್ತೈತಿ. ನಿಮ್ಮ ಓಣಿಯ ಕೇಬಲ್ ಪೆಟ್ಟಿಗಿಗೂ ಕರೆಂಟ್ ಬೇಕಲ್ಲ. ಇಂಟರ್ನೆಟ್ ಇಲ್ಲದ ವೈಫೈಗೆ ಫೋನ್ ಜೋತುಬಿದ್ದಿರ್ತೈತಿ. ವೈಫೈ ಸೆಟ್ಟಿಂಗ್ಸ್‌ನಾಗ ‘ಸ್ವಿಚ್ ಟು ಮೊಬೈಲ್ ಡೇಟಾ’ ಆನ್ ಮಾಡ್ರಿ, ಮೊಬೈಲ್ ಡೇಟಾನೂ ಸದಾ ಆನ್ ಇರಲಿ. ಈ ಅಂಕಿ ಕಳಸಾಕ ಡೇಟಾ ಬಾಳ ತಿನ್ನಂಗಿಲ್ಲ. ಖಾತ್ರಿ ಮಾಡಾಕ ರೂಟರಿಗೆ ಬಂದ ಫೈಬರ್ ವಯರ್ ಒಂದು ಹತ್ತು ನಿಮಿಷ ಕಿತ್ತಿಟ್ಟು ತಮ್ಮಗ ಕೇಳ್ರಿ. ವಯರ್ ಮಡಚಬ್ಯಾಡ್ರಿ, ಒಳಗ ಗಾಜಿನ ಎಳಿ ಐತಿ.

ಮನಿಯೊಳಗಿನ ಅಲಾರಂಗೆ ಇಂಟರ್ನೆಟ್ ಬೇಕಾಗಿಲ್ಲ, ಬ್ಲೂಟೂತ್ ಸಾಕು.

ಉಣಕಲ್_ದಂಡಿ:
ಮೂರು ರಾತ್ರಿ ನೋಡಿದ್ವಿ. ಬೆನ್ನ ಹಿಂದ ಒಂದು ಲೋಡು ಇಟ್ಟು ಬಲಮಗ್ಗಲಾಗಿ ಮಲಗಿಸಿದ್ವಿ, ಲೋ ಬರಲಿಲ್ಲ. ಸಿಗ್ನಲ್ ಲಾಸ್ ಇಲ್ಲ. ಫೈಬರ್ ಕಿತ್ತಾಗ ತಮ್ಮಗ ಅಂಕಿ ಮುಟ್ಟಿದ್ವು. ಈಗ ಒಂದ ಅನುಮಾನ: ಊಟಾದ ತಾಸಿಗೆ ಬೆರಳು 186, ಸೆನ್ಸಾರ್ 158.

ಕಪ್ಪತಗುಡ್ಡ:
ಆ್ಯಪ್‌ನಲ್ಲಿ ಅಂಕಿಯ ಪಕ್ಕದ ಬಾಣ ಮೇಲ್ಮುಖವಾಗಿತ್ತೇ, ಅಂದರೆ ಸಕ್ಕರೆ ಏರುತ್ತಿತ್ತೇ? ಹಾಗಿದ್ದರೆ ಸಹಜ. ರಕ್ತದಲ್ಲಿ ಏರಿದ್ದು ಚರ್ಮದ ಕೆಳಗೆ ಮುಟ್ಟಲು 5ರಿಂದ 15 ನಿಮಿಷ ಹಿಡಿಯುತ್ತದೆ. ಹೋಲಿಸುವುದಾದರೆ ಬಾಣ ಅಡ್ಡ ಇರುವಾಗ, ಊಟಕ್ಕೆ ಮುಂಚೆ ಹೋಲಿಸಿ. ಆಗಲೂ ಮೂರು-ನಾಲ್ಕು ಸಲ 20 ಪ್ರತಿಶತಕ್ಕಿಂತ ಹೆಚ್ಚು ಫರಕು ಬಂದರೆ ಅಂಕಿ, ಸಮಯ, ಸೆನ್ಸಾರಿನ ಸೀರಿಯಲ್ ನಂಬರ್ ಬರೆದಿಟ್ಟು ಕಂಪನಿಗೆ ಕೇಳಿ. ಅವರು ದಿನಾ ವಿಟಮಿನ್ ಸಿ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ. ಹೆಚ್ಚು ಪ್ರಮಾಣದಲ್ಲಿ ಕೆಲವು ಸೆನ್ಸಾರ್‌ಗಳ ಅಂಕಿ ಸುಳ್ಳೇ ಏರುತ್ತದೆ. ಈ ಅಂಕಿ ನೋಡಿ ಇನ್ಸುಲಿನ್ ಯೂನಿಟ್ ಮನೆಯಲ್ಲೇ ಬದಲಿಸಬೇಡಿ, 14 ದಿನದ ವರದಿ ಡಾಕ್ಟರಿಗೆ ತೋರಿಸಿ.

ಟೋಲ್‌ನಾಕಾ:
ಮುಂದಿನದು ಬಲತೋಳಿಗೆ ಹಚ್ಚೂದಾದ್ರ ಮಲಗೂ ಮಗ್ಗಲನೂ ಎಡಕ್ಕ ಬದಲಿಸ್ರಿ. ಹಚ್ಚೂ ದಿನ ತೋಳಿಗೆ ಕೊಬ್ಬರಿ ಎಣ್ಣಿ ಬ್ಯಾಡ. ಸ್ಪಿರಿಟ್ ಹತ್ತಿಯಲೆ ಒರೆಸಿ, ಪೂರಾ ಒಣಗಿದ ಮ್ಯಾಲ ಒತ್ರಿ. ಹಸಿ ಇದ್ರ ನಮ್ಮ ಏಪ್ರಿಲ್ ಬೆವರಿಗೆ ನಾಕು ದಿನದಾಗ ಅಂಚು ಏಳ್ತೈತಿ.