ಆರ್‌ಮಾನ್ ಅಲಾರಂ ಒಮ್ಮೆ ಬಂದು ಸುಮ್ಮನಾಗಿದೆ, ಏಕೆ?

ಪ್ರಶ್ನೆ
ಸಿಸ್ಕೊ 2960 ಸ್ವಿಚ್‌ನ 7ನೇ ಪೋರ್ಟ್‌ನಲ್ಲಿ ಸಿಆರ್‌ಸಿ ಎರರ್ (ದಾರಿಯಲ್ಲಿ ಕೆಟ್ಟುಬಂದ ಡೇಟಾ) ಹೆಚ್ಚಾದರೆ ತಿಳಿಯಲಿ ಎಂದು ಆರ್‌ಮಾನ್ (ಸ್ವಿಚ್ ತನ್ನ ಲೆಕ್ಕಗಳ ಮೇಲೆ ತಾನೇ ಕಣ್ಣಿಡುವ ವ್ಯವಸ್ಥೆ) ಅಲಾರಂ ಹಾಕಿದ್ದೇನೆ. ಆಬ್ಸಲ್ಯೂಟ್ (ಕೌಂಟರ್‌ನ ಒಟ್ಟು ಲೆಕ್ಕವನ್ನೇ ನೋಡುವ ಬಗೆ), 60 ಸೆಕೆಂಡಿಗೊಮ್ಮೆ. ರೈಸಿಂಗ್ (ಮೇಲಿನ ಮಿತಿ) 100, ಫಾಲಿಂಗ್ (ಕೆಳಗಿನ ಮಿತಿ) 0. ಮೊದಲ ಸಲ ಟ್ರ್ಯಾಪ್ (ಸ್ವಿಚ್ ತಾನಾಗಿ ಕಳಿಸುವ ಎಚ್ಚರಿಕೆ ಸಂದೇಶ) ಬಂತು. ಈಗ ಕೌಂಟರ್ 4,000 ದಾಟಿದ್ದರೂ ಎರಡನೆಯದು ಬಂದಿಲ್ಲ. ಲಾಗ್‌ನಲ್ಲಿ ತಾರೀಖು ಮಾರ್ಚ್ 1 ಎಂದಿದೆ, ಕರೆಂಟ್ ಹೋಗಿ ಬಂದರೆ ಹಳೇ ಲಾಗ್ ಮಾಯ. ಏನು ಮಾಡಬೇಕು?

ಉತ್ತರ 1
ಆಬ್ಸಲ್ಯೂಟ್ ಹಾಕಿದ್ದೇ ತಪ್ಪು. ಎರರ್ ಕೌಂಟರ್ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ರೈಸಿಂಗ್ ಅಲಾರಂ ಒಮ್ಮೆ ಬಂದ ಮೇಲೆ ಲೆಕ್ಕ ಫಾಲಿಂಗ್ ಮಿತಿಗೆ ಇಳಿದರಷ್ಟೇ ಮತ್ತೆ ಬರುತ್ತದೆ. ಮಿತಿಯ ಆಚೀಚೆ ತೂಗಾಡುವಾಗ ಟ್ರ್ಯಾಪ್‌ಗಳ ಸುರಿಮಳೆ ಆಗದಿರಲಿ ಎಂದು ಆರ್‌ಮಾನ್‌ನ ಮಾನದಂಡವಾದ ಆರ್‌ಎಫ್‌ಸಿ 2819ರಲ್ಲೇ ಮಾಡಿರುವ ಏರ್ಪಾಡು ಅದು.

ಡೆಲ್ಟಾ ಹಾಕಿ. ಆಗ ಆ 60 ಸೆಕೆಂಡಿನಲ್ಲಿ ಹೆಚ್ಚಿದ ಎರರ್ ಮಾತ್ರ ಲೆಕ್ಕಕ್ಕೆ ಬರುತ್ತದೆ. ರೈಸಿಂಗ್ 15, ಫಾಲಿಂಗ್ 2ರಿಂದ ಶುರುಮಾಡಿ. ಫಾಲಿಂಗ್ 0 ಮಾತ್ರ ಬೇಡ: ನಿಮಿಷಕ್ಕೊಂದು ಎರರ್ ಉಳಿದುಕೊಂಡರೂ ಅಲಾರಂ ಮತ್ತೆ ಸಜ್ಜಾಗುವುದಿಲ್ಲ.

ಹಾಗೆಯೇ, ಅಲಾರಂಗೆ ಕೊಡುವ ಸಿಆರ್‌ಸಿ ಲೆಕ್ಕದ ಒಐಡಿ (ಯಾವ ಲೆಕ್ಕ ನೋಡಬೇಕೆಂದು ಹೇಳುವ ಸಂಖ್ಯಾ ವಿಳಾಸ) 1.3.6.1.2.1.16.1.1.1.8ರ ಕೊನೆಗೆ ಸೇರಿಸುವ ಸಂಖ್ಯೆ ಪೋರ್ಟ್ ನಂಬರ್ ಅಲ್ಲ. ಇಂಟರ್‌ಫೇಸ್ ಮೇಲೆ ‘ಆರ್‌ಮಾನ್ ಕಲೆಕ್ಷನ್ ಸ್ಟ್ಯಾಟ್ಸ್’ ಕೊಡುವಾಗ ಹಾಕಿದ ಇಂಡೆಕ್ಸ್. ‘ಶೋ ಆರ್‌ಮಾನ್ ಸ್ಟ್ಯಾಟಿಸ್ಟಿಕ್ಸ್’ನಲ್ಲಿ ಅದು ಯಾವ ಪೋರ್ಟ್‌ಗೆ ಕಟ್ಟಿದೆ ಎಂದು ನೋಡಿಕೊಳ್ಳಿ.

ಉತ್ತರ 2
ಮೇಲಿನದು ಸರಿ, ಆದರೆ ಒಂದು ಮಾತು ಸೇರಿಸಬೇಕು. ಡೆಲ್ಟಾ ಹಾಕಿದರೂ ಎರರ್ ಸತತವಾಗಿ 15ರ ಮೇಲೇ ಇದ್ದರೆ ಬರುವುದು ಒಂದೇ ಟ್ರ್ಯಾಪ್. ಹಾಗಾಗಿ ಫಾಲಿಂಗ್‌ಗೂ ಬೇರೆ ಈವೆಂಟ್ (ಮಿತಿ ಮುಟ್ಟಿದಾಗ ಏನು ಮಾಡಬೇಕೆಂಬ ಸೂಚನೆ) ಕೊಡಿ. ಅದು ಬರುವ ತನಕ ತೊಂದರೆ ಮುಗಿದಿಲ್ಲ ಎಂದೇ ತಿಳಿಯಿರಿ. ಎರಡೂ ಈವೆಂಟ್‌ಗಳಲ್ಲಿ ಲಾಗ್, ಟ್ರ್ಯಾಪ್ ಎರಡೂ ಇರಲಿ.

ತಾರೀಖಿನ ವಿಷಯ: ಆ ಸ್ವಿಚ್‌ನ ಗಡಿಯಾರ ಬೂಟ್ ಆದಾಗಲೆಲ್ಲ 1993ರ ಮಾರ್ಚ್ 1ರಿಂದ ಶುರುವಾಗುತ್ತದೆ. ಎನ್‌ಟಿಪಿ ಸರ್ವರ್ (ನೆಟ್‌ವರ್ಕ್ ಮೂಲಕ ಸರಿಯಾದ ಸಮಯ ಕೊಡುವ ಯಂತ್ರ) ಕೊಡಿ, ಟೈಮ್‌ಝೋನ್ ಐಎಸ್‌ಟಿ 5 30 ಮಾಡಿ. ‘ಸರ್ವಿಸ್ ಟೈಮ್‌ಸ್ಟ್ಯಾಂಪ್ಸ್ ಲಾಗ್ ಡೇಟ್‌ಟೈಮ್’ ಸಾಲಿಗೆ ‘ಲೋಕಲ್‌ಟೈಮ್’ ಸೇರಿಸಲು ಮರೆತರೆ ಲಾಗ್ ಐದೂವರೆ ಗಂಟೆ ಹಿಂದಿರುತ್ತದೆ.

ಲಾಗ್ ಬಫರ್ ಇರುವುದು ರ್‍ಯಾಮ್‌ನಲ್ಲಿ, ಅದೂ ಬರೀ 4096 ಬೈಟ್. 65536ಕ್ಕೆ ಏರಿಸಿದರೂ ಕರೆಂಟ್ ಹೋದರೆ ಉಳಿಯದು. ಸಿಸ್‌ಲಾಗ್ ಸರ್ವರ್‌ಗೆ (ಲಾಗ್ ಸಂಗ್ರಹಿಸಿಡುವ ಬೇರೆ ಕಂಪ್ಯೂಟರ್‌ಗೆ) ಕಳಿಸಲೇಬೇಕು. ಹೋಗುವುದು ಯುಡಿಪಿ (ತಲುಪಿತೇ ಎಂದು ನೋಡದೆ ಕಳಿಸುವ ವಿಧಾನ) 514ರಲ್ಲಿ, ಅಪ್‌ಲಿಂಕ್ (ಸ್ವಿಚ್‌ನಿಂದ ಮುಖ್ಯ ನೆಟ್‌ವರ್ಕ್‌ಗೆ ಹೋಗುವ ಕೊಂಡಿ) ಬಿದ್ದಾಗಿನ ಸಂದೇಶ ತಲುಪುವುದಿಲ್ಲ. ಅದಕ್ಕೇ ಬಫರ್ ಕೂಡ ದೊಡ್ಡದಿರಲಿ.

ಉತ್ತರ 3
ಎರರ್‌ಗೆ ಕೇಬಲ್ಲೇ ಕಾರಣವೆಂದು ಬದಲಿಸುವ ಮೊದಲು ಡುಪ್ಲೆಕ್ಸ್ ನೋಡಿ ಸರ್ (ಫುಲ್ ಎಂದರೆ ಕಳಿಸುವುದು, ಪಡೆಯುವುದು ಒಟ್ಟಿಗೆ; ಹಾಫ್ ಎಂದರೆ ಒಂದಾದ ಮೇಲೊಂದು). ನಿಮ್ಮ ಬದಿ 100 ಫುಲ್ ಎಂದು ಕಟ್ಟಿಹಾಕಿ ಎದುರು ಬದಿ ಆಟೋದಲ್ಲಿ (ತಾನೇ ಹೊಂದಿಸಿಕೊಳ್ಳುವಂತೆ) ಇದ್ದರೆ, ಅದು ಹಾಫ್‌ಗೆ ಇಳಿಯುತ್ತದೆ. ಆಗ ನಿಮ್ಮಲ್ಲಿ ಸಿಆರ್‌ಸಿ, ಅಲ್ಲಿ ಲೇಟ್ ಕೊಲಿಷನ್ (ತಡವಾಗಿ ಆಗುವ ಡೇಟಾ ಡಿಕ್ಕಿ) ಏರುತ್ತವೆ. ಎರಡೂ ಬದಿ ಆಟೋ ಮಾಡಿ.