ಏಳನೇ ಕ್ಲಾಸ್ ನೆನಪಿದೆ, ಎಂಟನೇದು ಇಲ್ವೇ ಇಲ್ಲ. ಹಿಪ್ನಾಸಿಸ್ ಮಾಡಿಸ್ಲಾ?

ವಠಾರದ ಹುಡುಗ:
ನಾನು ಎಂಟನೇ ಕ್ಲಾಸಲ್ಲಿದ್ದಾಗ ಅಪ್ಪ ಹೋದ್ರು, ಆಗ ಹನುಮಂತನಗರದ ವಠಾರದಲ್ಲಿದ್ವಿ. ಮೊನ್ನೆ ಮಾತಿಗೆ ಮಾತು ಬಂದು ಅಕ್ಕ, ಹನ್ನೊಂದನೇ ದಿನ ನೀನು ಅಪ್ಪನ ಚಪ್ಪಲಿ ಹಾಕ್ಕೊಂಡು ನಲ್ಲಿ ಹತ್ರ ನಿಂತಿದ್ದೆ, ಯಾರು ಕರೆದ್ರೂ ಬರ್ಲಿಲ್ಲ ಅಂದ್ಲು. ನಂಗೆ ಒಂಚೂರೂ ನೆನಪಿಲ್ಲ, ಆ ವರ್ಷದ ಮೇಷ್ಟ್ರ ಹೆಸ್ರೂ ಇಲ್ಲ, ಆದ್ರೆ ಅದ್ರ ಹಿಂದಿನ ವರ್ಷ ಕಡಲೆಕಾಯಿ ಪರಿಷೆಲಿ ಕಳ್ಕೊಂಡ ವಾಚಿನ ಬೆಲ್ಟ್ ಬಣ್ಣ ಕೂಡ ಗೊತ್ತು. ಆಫೀಸಲ್ಲೊಬ್ರು ಇದು ಮನಸ್ಸು ಅದುಮಿಟ್ಟಿರೋ ನೆನಪು, ಹಿಪ್ನಾಸಿಸ್ ಮಾಡಿಸಿದ್ರೆ ಎಲ್ಲಾ ಈಚೆ ಬರತ್ತೆ ಅಂತಿದಾರೆ. ಹೋಗ್ಲಾ?

ಅರ್ಧ ಸೈಕಾಲಜಿ:
ಬೇಡ ಗುರು. ಅದುಮಿಡೋದು ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್ ಕಾಲದ ಮಾತು. 1995ರಲ್ಲಿ ಎಲಿಜಬೆತ್ ಲಾಫ್ಟಸ್, ಜಾಕ್ವಲಿನ್ ಪಿಕ್ರೆಲ್ ಅಂತ ಇಬ್ರು ಸಂಶೋಧಕರು 24 ಜನಕ್ಕೆ, ನೀವು ಚಿಕ್ಕೋರಿದ್ದಾಗ ಮಾಲಲ್ಲಿ ಕಳೆದುಹೋಗಿದ್ರಂತೆ, ನಿಮ್ಮ ಮನೆಯವ್ರೇ ಹೇಳಿದ್ರು ಅಂತ ಸುಳ್ಳು ಕಥೆ ಕೊಟ್ರು, 6 ಜನ ಪೂರ್ತಿನೋ ಅರ್ಧಂಬರ್ಧನೋ ನೆನಪಿದೆ ಅಂದ್ರು! ಹಿಪ್ನಾಸಿಸಲ್ಲಿ ಬರೋದು ನಡೆದಿದ್ದೋ ಅಲ್ಲೇ ಹೆಣೆದಿದ್ದೋ ಗೊತ್ತಾಗಲ್ಲ, ನಂಬಿಕೆ ಮಾತ್ರ ಗಟ್ಟಿ ಆಗತ್ತೆ.

ಮಳೆ ಬಂತಾ:
ಹಂಗಂತ ಪೂರ್ತಿ ತಳ್ಳಿಹಾಕ್ಬೇಡಿ. ಲಿಂಡಾ ವಿಲಿಯಮ್ಸ್ 1994ರ ಸ್ಟಡಿ ನೋಡಿ, ಚಿಕ್ಕವರಿದ್ದಾಗ ಲೈಂಗಿಕ ದೌರ್ಜನ್ಯ ಆಗಿ ಆಸ್ಪತ್ರೆ ದಾಖಲೆ ಇದ್ದ 129 ಹೆಂಗಸರನ್ನ 17 ವರ್ಷ ಆದ್ಮೇಲೆ ಮಾತಾಡಿಸಿದ್ರೆ 38% ಜನ ಆ ಘಟನೆ ಹೇಳ್ಲೇ ಇಲ್ಲ.

ಅರ್ಧ ಸೈಕಾಲಜಿ:
ಹೇಳ್ಲಿಲ್ಲ ಅಂದ್ರೆ ಮರೆತ್ರು ಅಂತಾನಾ? ಸಂಕೋಚ ಇರ್ಬಹುದು, ಕೆಲವ್ರು ಆಗ ಕೈಗೂಸು. ನಾನು ಒಪ್ಪೋದು 2001ರ ಆಂಡರ್ಸನ್-ಗ್ರೀನ್ ಪ್ರಯೋಗ. ಜೋಡಿ ಪದ ಕಲಿಸಿ, ಒಂದನ್ನ ತೋರಿಸಿ, ಇದ್ರ ಜೋಡಿ ತಲೇಗೆ ಬರೋಕೇ ಬಿಡ್ಬೇಡಿ ಅಂತ ಮತ್ತೆ ಮತ್ತೆ ಮಾಡಿಸಿದ್ರು, ಆಮೇಲೆ ಕೇಳಿದ್ರೆ ನಿಜವಾಗ್ಲೂ ಮರೆವು ಜಾಸ್ತಿ ಆಗಿತ್ತು, ಸ್ವಲ್ಪವೇ ಆದ್ರೂ. ಅದು ಪದಗಳ ವಿಷ್ಯ ಬಿಡಿ, ಅಪ್ಪನ ಸಾವಿಗೆ ಎಷ್ಟು ಅನ್ವಯಿಸತ್ತೋ.

ಒಗ್ಗರಣೆ ಡಬ್ಬಿ:
ತಮ್ಮಾ, ಆಮೇಲೆ ಮನೇಲಿ ಅಪ್ಪನ ಮಾತು ಯಾರಾದ್ರೂ ಎತ್ತಿದ್ರಾ? ನನ್ನ ತಂಗಿ ಹೋದ್ಮೇಲೆ ನಮ್ಮಜ್ಜಿ ಅವಳ ಫೋಟೋನ ಬೀರುಲಿಟ್ಟು ಬೀಗ ಹಾಕಿದ್ರು. ಬಾಯಲ್ಲಿ ಆಡದೇ ಇದ್ದಿದ್ದು ಎಷ್ಟು ದಿನ ಉಳಿಯತ್ತೆ? ನಿದ್ದೆ-ಗಿದ್ದೆ ಕೆಡ್ತಿದ್ರೆ ನಿಮ್ಹಾನ್ಸ್ ಓಪಿಡಿಗೆ ಹೋಗು, ಹಿಪ್ನಾಸಿಸ್ ಗಿಪ್ನಾಸಿಸ್ ಬಿಡು.

ವಠಾರದ ಹುಡುಗ:
ಯಾರೂ ಎತ್ಲಿಲ್ಲ ಅಕ್ಕ. ಮನೆ ಖಾಲಿ ಮಾಡಿ ವಿಜಯನಗರಕ್ಕೆ ಬಂದ್ವಿ, ಅಮ್ಮ ಮತ್ತೆ ಆ ಕಡೆ ಕಾಲಿಡ್ಲಿಲ್ಲ. ಒಂದು ವಿಚಿತ್ರ ಕೇಳಿ, ಈಗ ನಾಕು ದಿನದಿಂದ ಆ ಚಪ್ಪಲಿ ಕಣ್ಣಿಗೆ ಕಟ್ಟಿದ ಹಾಗಿದೆ, ಕಂದು ಚರ್ಮ, ಹೆಬ್ಬೆಟ್ಟಿನ ಹತ್ರ ಹೊಲಿಗೆ ಬಿಟ್ಟಿದೆ. ಖುಷಿಯಾಗಿ ಫೋನ್ ಮಾಡಿ ಹೇಳಿದ್ರೆ ನಮ್ಮಕ್ಕ ಅಂತಾಳೆ, ಚರ್ಮದ್ದೆಲ್ಲಿ ಬಂತೋ, ಅದು ನೀಲಿ ಬಾರಿನ ಹವಾಯಿ.